ಮಾಡಿದವರ ಹೆಸರು

ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಂದು ನಿಂಬೆ ಬೆಳೆಗಾರರ ಸಂಘದ ಸಭೆ. ಯಾರ ತೋಟದಲ್ಲಿ ಕಾಯಿ ಕೊಯ್ಲಿಗೆ ಬಂದಿದೆ ಎಂದು ದೂರದ ವ್ಯಾಪಾರಿಗಳು ಫೋನಿನಲ್ಲೇ ನೋಡುವಂಥ ವೆಬ್‌ಸೈಟ್ ಬೇಕೆಂದು ಮಾತು ನಡೆದಿತ್ತು. ನಾನು ಚಹಾ ಹಿಡಿದು ಹೊರಬಂದಾಗ, ಆ ಕೆಲಸ ಯಾವುದೋ ದೂರದ ಕಂಪನಿಗೆ ಹೋಗುವುದರಲ್ಲಿತ್ತು.

"ನಾ ಮಾಡ್ತೇನ್ರಿ," ಎಂದೆ.

ಸಂಘದ ಅಧ್ಯಕ್ಷರು ನಕ್ಕರು. "ಇದು ರೊಟ್ಟಿ ಬಡದಂಗಲ್ಲ ತಂಗಿ."

"ರೊಟ್ಟಿ ಬಡಿಯೂದೂ ಎಲ್ಲಾರಿಗೂ ಬರೂದಿಲ್ರಿ. ನಾ ಸಿಂದಗ್ಯಾಗ ಬಿಸಿಎ ಓದೇನ್ರಿ."

ಎಲ್ಲರೂ ಮಾವನ ಮುಖ ನೋಡಿದರು. ಅವರು ಬಸಿಯಲ್ಲಿದ್ದ ಚಹಾ ಮುಗಿಸಿ, "ಮಾಡ್ಲಿ ಬಿಡ್ರಿ. ಕಂಪನಿ ಎಲ್ಲಿ ಓಡಿ ಹೋಗ್ತೈತಿ?" ಎಂದರು.

ಮುದ್ದೇಬಿಹಾಳದ ತವರಿನಿಂದ ತಂದ ಲ್ಯಾಪ್‌ಟಾಪನ್ನು ಮಗಳು ಹುಟ್ಟಿದ ಮೇಲೆ ನಾನು ಸರಿಯಾಗಿ ತೆರೆದೇ ಇರಲಿಲ್ಲ. ಮರುದಿನ ಮಧ್ಯಾಹ್ನ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ನೆಟ್‌ವರ್ಕ್ ಸಿಗುವ ಮಾಳಿಗೆಯ ಮೇಲೆ ಹೋಗಿ, ತಲೆಗೆ ಸೆರಗು ಹೊದ್ದು ಕುಳಿತೆ. ಈಗ ಯಾರೂ ವೆಬ್‌ಸೈಟನ್ನು ಮೊದಲ ಅಕ್ಷರದಿಂದ ಬರೆಯುವುದಿಲ್ಲ. ಸಿದ್ಧ ಟೆಂಪ್ಲೇಟ್ ಇಳಿಸಿಕೊಂಡು, ಅದನ್ನೇ ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ. ನಾನೂ ಇಳಿಸಿಕೊಂಡು ಚಾಲೂ ಮಾಡಿದರೆ ಪರದೆಯ ತುಂಬ ಕೆಂಪು ಸಾಲುಗಳು. ಓದಿದೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಸಾಫ್ಟ್‌ವೇರ್ ಆ ಟೆಂಪ್ಲೇಟಿಗೆ ತೀರಾ ಹಳತಾಗಿತ್ತು. ಹೊಸದು ಅರ್ಧ ಇಳಿಯುವಷ್ಟರಲ್ಲಿ ಫೋನಿನ ಡೇಟಾ ಮುಗಿಯಿತು. ಎದ್ದು ಕೆಳಗೆ ಹೋಗೋಣ ಎನ್ನಿಸಿತು. ಆದರೆ ಅಧ್ಯಕ್ಷರ ಆ ನಗು ಕಿವಿಯಲ್ಲೇ ಇತ್ತು. ಸಿಟ್ಟು ನನ್ನನ್ನು ಅಲ್ಲೇ ಕೂಡಿಸಿತು. ಫೋನಿಗೆ ರೀಚಾರ್ಜ್ ಮಾಡಿಕೊಂಡು, ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಕೊನೆಗೆ ಟೆಂಪ್ಲೇಟಿನ ಮಾದರಿ ಪುಟ ತೆರೆದುಕೊಂಡಿತು. ಗಾಜಿನ ಕಟ್ಟಡ, ಕೋಟು ಹಾಕಿ ನಗುವ ಜನ, ಉದ್ದುದ್ದ ಇಂಗ್ಲಿಷ್. ಒಂದೊಂದಾಗಿ ಕಿತ್ತು ಹಾಕಿದೆ. ಹೊಲದ ಕಸ ತೆಗೆದಷ್ಟು ಹಗುರವೆನಿಸಿತು. ಆ ಜಾಗದಲ್ಲಿ ನಮ್ಮ ತೋಟದ ಚಿತ್ರ ಬಂತು. ಕನ್ನಡ ಹಾಕಿದಾಗ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಂಡಿತು. ಇಂಗ್ಲಿಷಿನ ಅಳತೆಗೆ ಮಾಡಿದ ಸಾಲು ನಮ್ಮ ಅಕ್ಷರಕ್ಕೆ ಸಾಲುವುದಿಲ್ಲ. ಅಕ್ಷರ ಚಿಕ್ಕದು ಮಾಡಲಿಲ್ಲ, ಸಾಲಿನ ಎತ್ತರ ಹೆಚ್ಚಿಸಿದೆ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಫೋನಿನಲ್ಲಿ ನೋಡುತ್ತ ತಲೆದೂಗಿದರು. ಪುಟದ ತಳಕ್ಕೆ ಬಂದಾಗ ಬೆರಳು ನಿಂತಿತು. 'ಮಾಡಿದವರು' ಎಂಬಲ್ಲಿ ನನ್ನ ಹೆಸರಿತ್ತು.

"ಇಲ್ಲಿ ನಿನ್ನ ಯಜಮಾನನ ಹೆಸರ ಹಾಕವಾ. ಹೆಣ್ಮಕ್ಕಳ ಹೆಸರು ಊರ ಮಂದಿ ಫೋನಿನ್ಯಾಗ ಬರೂದು ಚಂದ ಕಾಣಂಗಿಲ್ಲ."

"ನನ್ನ ಹೆಸರ ತಗದ್ರ ಸೈಟೂ ತಗೀತೇನ್ರಿ."

ನಮ್ಮ ಮನೆಯವರು ಮೆಲ್ಲಗೆ ಬಾಯಿಬಿಟ್ಟರು. "ನನ್ನ ಹೆಸರ ಯಾಕ್ರಿ ಅಲ್ಲೆ? ಅದರಾಗಿಂದು ಒಂದಕ್ಷರ ನನಗ ತಿಳಿಯಂಗಿಲ್ಲ."

ಅಧ್ಯಕ್ಷರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅತ್ತೆ ಮಗಳನ್ನು ಎತ್ತಿಕೊಂಡು ಒಳಗಿನಿಂದ ಬಂದರು. "ದೊಡ್ಡವರಿಗೆ ಹಂಗ ಅನಬಾರದಿತ್ತವಾ."

"ಅಂದಿದ್ದು ಖರೇರಿ ಅತ್ತಿ. ಮತ್ತ ಕೇಳಿದ್ರ ಮತ್ತ ಅಂತೇನಿ."

ಸಂಘ ಕೆಲಸವನ್ನು ಆ ಕಂಪನಿಗೇ ಕೊಟ್ಟಿತು. ನಾನು ನನ್ನದನ್ನು ಅಳಿಸಲಿಲ್ಲ. ಸಂಘದ ಹೆಸರು ತೆಗೆದು ಹಾಗೆಯೇ ನಡೆಸಿದೆ. ಮೊದಮೊದಲು ಅದರಲ್ಲಿ ನಮ್ಮ ತೋಟ ಒಂದೇ. ಆಮೇಲೆ ಹೊರ್ತಿ ಹಳ್ಳಿಯಿಂದ ಮಹಿಳೆಯೊಬ್ಬರು ಫೋನ್ ಮಾಡಿ, "ನಮ್ಮ ತ್ವಾಟದ್ದೂ ಹಾಕ್ತಿಯೇನ ತಂಗಿ?" ಎಂದರು. ಹಾಕಿದೆ. ಅವರ ಕಾಯಿ ಹುಡುಕಿಕೊಂಡು ವ್ಯಾಪಾರಿ ಬಂದ ಸುದ್ದಿ ಹಬ್ಬಿತು. ಸಂಘದವರೂ ಒಬ್ಬೊಬ್ಬರಾಗಿ ಕೇಳತೊಡಗಿದರು. ಯಾರಿಗೂ ಇಲ್ಲ ಎನ್ನಲಿಲ್ಲ. ಈಗ ಬಸವನ ಬಾಗೇವಾಡಿಯ ದ್ರಾಕ್ಷಿ ಬೆಳೆಗಾರರೂ ತಮಗೊಂದು ಬೇಕೆಂದಿದ್ದಾರೆ.

ಅಧ್ಯಕ್ಷರು ಬಜಾರಿನಲ್ಲಿ ಎದುರಾದರೆ ಇನ್ನೂ ಮುಖ ತಿರುಗಿಸುತ್ತಾರೆ. ನಾನು ಮಾತ್ರ ಎದುರಿಗೇ ನಿಂತು "ನಮಸ್ಕಾರ್ರಿ" ಅನ್ನುತ್ತೇನೆ, ನಾಕು ಮಂದಿಗೆ ಕೇಳುವ ಹಾಗೆ.