ಬಾಗೂರಿನ ಮೇಜರ್ ಮತ್ತು ತೋಳಿನ ಎರಡು ಪಟ್ಟಿ

ಸ್ನೇಹಿತರೇ, ಬಾಗೂರಿನ ನಮ್ಮ ಸೋದರಮಾವ ಇವತ್ತು ಮೇಜರ್ ಪದವಿ ಕಳೆದುಕೊಂಡರು. ಕಿತ್ತುಕೊಂಡವಳು ನನ್ನ ಮಗಳು.

ಪಿಯುಸಿ ಮುಗಿಸಿದ ಸಿಂಚನಾಗೆ ಸೈನ್ಯ ಸೇರುವ ಆಸೆ. ಯಾವ ಹುದ್ದೆಗೆ ಯಾವ ಗುರುತು, ಎಷ್ಟು ಸಂಬಳ ಎಂಬ ಚಾರ್ಟ್ ಹಿಡಿದು, ಊರೆಲ್ಲ ‘ಮೇಜರ್’ ಎನ್ನುವ ಮಾವನನ್ನೇ ಕೇಳೋಣವೆಂದು ಹೋಗಿದ್ದೆವು. ಅವರು ವಿವರಿಸುತ್ತಿದ್ದರೆ ಇವಳು ಗೋಡೆಯ ಮೇಲಿದ್ದ, ಯೂನಿಫಾರ್ಮ್ ತೊಟ್ಟ ಅವರ ಹಳೆಯ ಫೋಟೊ ನೋಡುತ್ತಿದ್ದಳು.

“ತಾತ, ತೋಳಿನ ಮೇಲೆ ಎರಡು ಪಟ್ಟಿ ಇದ್ರೆ ನಾಯಕ್ ಅಲ್ವಾ? ಮೇಜರ್ ತುಂಬಾ ಮೇಲಿದೆ.”

“ಊಂ ಕಣವ್ವ, ನಾಯಕ್ಕೇ. ನಾನ್ಯಾವತ್ ಮೇಜರ್ ಅಂದಿದ್ದೆ?” ಎಂದರು ಮಾವ ತಣ್ಣಗೆ.

ಕಾಫಿ ತಂದ ಅತ್ತೆ ಬಾಗಿಲಲ್ಲೇ ನಿಂತರು. “ಲಗ್ನಪತ್ರಿಕೇಲಿ ಮೇಜರ್ ಅಂತಿತ್ತಲ್ಲ?”

“ಅದು ನಿಮ್ಮಪ್ಪ ಆಕ್ಸಿದ್ದು. ಆಗ ನಂಗೆ ಒಂದ್ ಪಟ್ಟೀನೂ ಬಂದಿರ್ಲಿಲ್ಲ.”

ಅತ್ತೆ ಲೋಟವನ್ನು ಕುಕ್ಕಿ ಇಟ್ಟರು. “ಮೇಜರ್ ಅಂತ ನಲವತ್ ವರ್ಸ ನಿಮ್ ಎಂಜಲು ತಟ್ಟೆ ಎತ್ತಿವ್ನಿ. ಇವತ್ತಿಂದ ನಿಮ್ ತಟ್ಟೆ ನೀವೇ ತೊಳ್ಕಳಿ.”

ಊಟವಾದ ಮೇಲೆ ಮಾವ ನಿಜವಾಗಿಯೂ ತಟ್ಟೆ ಹಿಡಿದು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಬೀದಿಯಿಂದ ಯಾರೋ “ಮೇಜರ್ ಸಾ ಅವ್ರಾ ಮನೇಲಿ?” ಎಂದು ಕೂಗಿದರು.

ನಾವೆಲ್ಲ ಅತ್ತೆಯ ಮುಖ ನೋಡಿದೆವು. ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋದರು.

“ಕೂತ್ಕಳಿ. ಮೇಜರ್ರು ಫೋನಲ್ಲವ್ರೆ, ಬತ್ತಾರೆ.”

ಹಿತ್ತಲಲ್ಲಿ ನಾಯಕ್, ಹೊಸಿಲು ದಾಟಿದರೆ ಮೇಜರ್. ಇಂಥ ಹುದ್ದೆ ಸಿಂಚನಾಳ ಚಾರ್ಟಿನಲ್ಲಿ ಎಲ್ಲೂ ಇಲ್ಲ.