ಎತ್ತಿದ ಮೇಲೆ ಮಾತು

ಒಂಬತ್ತು ವರ್ಷ ನನ್ನ ಹತ್ತಿರ ಇದ್ದದ್ದು ಒಂದೇ ಸಿಲಿಂಡರಿನ ಟೂರಿಂಗ್ ಬೈಕು. ಶಿವಮೊಗ್ಗದ ಒಂದು ಪತ್ರಿಕೆಯ ಡೆಸ್ಕಿನಲ್ಲಿ ನನ್ನ ಕೆಲಸ. ವರ್ಷಕ್ಕೆ ಎರಡೋ ಮೂರೋ ಸಲ ರಜೆ ಹೊಂದಿಸಿಕೊಂಡು, ಒಬ್ಬಳೇ ಒಂದು ಘಟ್ಟ ಇಳಿದು, ಸಮುದ್ರದ ಪಕ್ಕದ ದಾರಿಯಲ್ಲಿ ಓಡಿಸಿ, ಇನ್ನೊಂದು ಘಟ್ಟ ಹತ್ತಿ ಮನೆ ಸೇರುವುದು ರೂಢಿ. ಗಂಡ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಅವರಿಗೆ ಯಾವ ಗಾಡಿಯೂ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ.

ಕಳೆದ ವರ್ಷ ಆಯನೂರು ದಾಟಿದ ಮೇಲೆ ಒಂದು ಲಾರಿಯನ್ನು ಹಿಂದಿಕ್ಕಲು ಹೋದೆ. ಬೈಕಿನ ಎರಡೂ ಬದಿಗೆ ತುಂಬಿದ ಚೀಲ, ಎದುರು ಗಾಳಿ. ಲಾರಿಯ ಅರ್ಧ ಉದ್ದಕ್ಕೆ ಬರುವಷ್ಟರಲ್ಲಿ ಎಂಜಿನ್ನು ಸೋತಿತು. ಎದುರಿಗೆ ಬಸ್ಸು ಕಾಣಿಸಿತು. ಬ್ರೇಕು ಹಿಡಿದು ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಏನೂ ಆಗಲಿಲ್ಲ. ಆತುರಪಟ್ಟದ್ದು ನನ್ನ ತಪ್ಪು ಎಂಬುದೂ ಗೊತ್ತಿತ್ತು. ಆದರೂ ಮನೆಗೆ ಬಂದವಳು ದೊಡ್ಡ ಎಂಜಿನ್ನಿನ ಬೈಕುಗಳ ಬಗ್ಗೆ ಓದತೊಡಗಿದೆ.

ಒಂದು ಸಂಜೆ ಇಬ್ಬರೂ ಶೋರೂಮಿಗೆ ಹೋದೆವು. ಅಲ್ಲಿಯ ಸೇಲ್ಸ್‌ಮನ್ ನೇರವಾಗಿ ನನ್ನ ಗಂಡನ ಹತ್ತಿರ ಬಂದ.

"ಸರ್, ಒಂದ್ ಟೆಸ್ಟ್ ರೈಡ್ ತಗೊಳ್ಳಿ. ಪವರ್ ನೋಡಿದ್ರೆ ನೀವು ಬಿಡಲ್ಲ."

"ನಂಗೆ ಸೈಕಲ್ಲೂ ಬರಲ್ಲಪ್ಪ," ಎಂದರು ಗಂಡ. "ಓಡ್ಸೋರು ಇವರು."

ಅವನು ನನ್ನನ್ನು ಒಮ್ಮೆ ನೋಡಿ, ಮತ್ತೆ ಅವರನ್ನೇ ಕೇಳಿದ: "ಮೇಡಂಗೆ ಸ್ಕೂಟರ್ ತೋರಿಸ್ಲಾ ಸರ್?"

ಬೈಕಿನ ಹಿಂದೆ ಕೂತ ಗಂಡ ವಿದ್ಯಾನಗರದ ಮನೆ ಬರುವವರೆಗೂ ನಕ್ಕರು. "ಸ್ಕೂಟರ್ರೇ ತಗೋ ಮಾರಾಯ್ತಿ. ನಾನು ಮುಂದ್ಗಡೆ ನಿಂತ್ಕೊಂಡು ಬರ್ತೀನಿ."

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ನಮ್ಮ ಡೆಸ್ಕಿನಿಂದ ಸುದ್ದಿ ಮುಂದೆ ಹೋಗುವುದಿಲ್ಲ. ಬೈಕಿನ ವಿಷಯದಲ್ಲೂ ಹಾಗೆಯೇ ಮಾಡಿದೆ. ದೊಡ್ಡ ಗಾಡಿ ಇರುವ ನಾಲ್ಕು ಜನರನ್ನು ಬೇರೆಬೇರೆಯಾಗಿ ಕೇಳಿದೆ. ಘಟ್ಟದಲ್ಲಿ ಹೇಗೆ ಎಳೆಯುತ್ತದೆ, ಹಿಂದಿಕ್ಕುವಾಗ ಎಷ್ಟು ಬೇಗ ಮುಂದಾಗುತ್ತದೆ ಎಂಬುದನ್ನು ನಾಲ್ವರೂ ಒಂದೇ ರೀತಿ ಹೊಗಳಿದರು. ಬದಲಾಯಿಸುವುದೆಂದು ಹೆಚ್ಚುಕಡಿಮೆ ತೀರ್ಮಾನಿಸಿದೆ.

ನನ್ನ ಬೈಕಿನ ಸರ್ವಿಸು ಮಾಡುವ ಮೆಕ್ಯಾನಿಕ್ ಇರುವುದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನಿಗೆ ಸರಪಳಿ ಕಟ್ಟುವ ಕೆಲಸ ಮಾಡಿ ನಿವೃತ್ತರಾದವರು, ಮನೆಮಾತು ತಮಿಳು, ಈಗ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೈಕು ರಿಪೇರಿ ಮಾಡುತ್ತಾರೆ. ಅವರ ಹತ್ತಿರ ಎರಡು ಸಿಲಿಂಡರಿನ, ಆರುನೂರೈವತ್ತು ಸಿಸಿಯ ಬೈಕೊಂದು ಮಾರಾಟಕ್ಕೆ ಬಂದಿತ್ತು. ನನ್ನದನ್ನು ಅಲ್ಲೇ ಬಿಟ್ಟು, ಮೇಲೆ ಒಂದಿಷ್ಟು ಹಣ ಕೊಟ್ಟು ಅದನ್ನು ಒಯ್ಯಬಹುದು ಎಂದಿದ್ದರು. ಒಂದು ಭಾನುವಾರ ಬೆಳಿಗ್ಗೆ ಗಂಡನನ್ನೂ ಹಿಂದೆ ಕೂರಿಸಿಕೊಂಡು ಹೋದೆ. ಆ ಬೈಕನ್ನು ಊರ ಹೊರಗಿನವರೆಗೆ ಓಡಿಸಿ ಬಂದೆ. ನಾಲ್ವರು ಹೇಳಿದ್ದು ನಿಜ.

"ಗಾಡಿ ಚೆನ್ನಾಗದೆ. ನೀನು ಓಡಿಸ್ತೀಯ, ಅದೂ ಗೊತ್ತು," ಎಂದರು ಮೆಕ್ಯಾನಿಕ್. "ಎತ್ತುತೀಯಾಮ್ಮಾ?"

"ಏನನ್ನ?"

"ಗಾಡೀನ. ಬಿದ್ರೆ? ಕಾಡಲ್ಲಿ ಒಬ್ಬಳೇ ಹೋಗ್ತೀಯಲ್ಲ, ಅಲ್ಲಿ ಯಾರ್ ಬರ್ತಾರೆ?"

ಕಾರ್ಖಾನೆಯಲ್ಲಿ ಒಂದು ಕ್ರಮವಿತ್ತಂತೆ. ಭಾರಕ್ಕೆ ಸರಪಳಿ ಕಟ್ಟಿದ ಮೇಲೆ ನೆಲದಿಂದ ಒಂದು ಗೇಣು ಮಾತ್ರ ಎತ್ತಿ ನಿಲ್ಲಿಸಬೇಕು. ಎಲ್ಲರೂ ಸುಮ್ಮನೆ ನಿಂತು ನೋಡಬೇಕು. ಸರಪಳಿ ತಡೆಯಿತು ಎಂದಾದರೆ ಮಾತ್ರ ಕ್ರೇನು ಮುಂದೆ ಸಾಗಬೇಕು. "ತೂಕ ಚೀಟೀಲಿ ಬರ್ದಿರ್ತಿದ್ರು. ಚೀಟೀನ ನಾವ್ ನಂಬ್ತಿರಲಿಲ್ಲ. ಎತ್ತಿದ ಮೇಲೆ ಮಾತು," ಎಂದು ಹೇಳಿ, ಗೋಣಿಚೀಲ ಹಾಸಿ, ಬೈಕನ್ನು ಮೆಲ್ಲಗೆ ಮಲಗಿಸಿದರು.

ಹ್ಯಾಂಡಲ್ ಹಿಡಿದು ಎಳೆದೆ. ಬೈಕು ಕದಲಲಿಲ್ಲ. ಕಾಲು ಊರಿ, ಹಲ್ಲು ಕಚ್ಚಿ ಮತ್ತೆ ಎಳೆದೆ. ಗಂಡ ಕೈ ಹಾಕಲು ಬಂದರು.

"ಸಾರ್, ನೀವು ಕಾಡಲ್ಲಿಲ್ಲ. ಮನೇಲಿದೀರ," ಎಂದರು ಮೆಕ್ಯಾನಿಕ್. ಗಂಡ ಹಿಂದೆ ಸರಿದರು.

ಬೆವರು ಒರೆಸಿಕೊಂಡು, "ಬಿಡಿ, ನಂಗೆ ಹಳೇದೇ ಸಾಕು," ಎಂದೆ.

"ಹಳೇದನ್ನ ಎತ್ತಿದೀಯಾ?"

ನನ್ನ ಬೈಕು ಒಂದು ದಿನವೂ ಬಿದ್ದಿರಲಿಲ್ಲ. ಅದನ್ನೂ ಗೋಣಿಚೀಲದ ಮೇಲೆ ಮಲಗಿಸಿದರು. ಮೂರು ಸಲ ಪ್ರಯತ್ನಿಸಿದೆ. ಅದೂ ಏಳಲಿಲ್ಲ.

ಒಬ್ಬಳೇ ಹೋಗ್ತೀಯಲ್ಲ, ಏನಾದರೂ ಆದರೆ ಎಂದು ಕೇಳಿದವರಿಗೆಲ್ಲ, ನಾನು ನೋಡ್ಕೋತೀನಿ ಎಂದು ಒಂಬತ್ತು ವರ್ಷ ಹೇಳುತ್ತ ಬಂದಿದ್ದೆ. ಬೇರೆಯವರ ಬರಹದಲ್ಲಿ ಆಧಾರವಿಲ್ಲದ ಒಂದು ಸಾಲು ಕಂಡರೂ ತೆಗೆದುಹಾಕುವವಳು ನಾನು. ನನ್ನ ಆ ಮಾತಿಗೆ ಆಧಾರವಿದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ.

"ನಾನೂ ಕೇಳ್ಲಿಲ್ವಲ್ಲ," ಎಂದರು ಗಂಡ. ಈ ಸಲ ನಗಲಿಲ್ಲ.

ಅಲ್ಲಿಯೇ ಹೇಳಿದೆ: ಬದಲಾಯಿಸುವ ಮಾತು ಆಮೇಲೆ. ಎತ್ತಲು ಬಂದರೆ ಮಾತ್ರ ಇನ್ನು ಒಬ್ಬಳೇ ಹೋಗುವುದು. ಬರದಿದ್ದರೆ ಹಳೆಯದೂ ಬೇಡ, ಹೊಸದೂ ಬೇಡ.

"ಒಂದ್ ತಿಂಗ್ಳು ಇದನ್ನ ಯಾರಿಗೂ ಕೊಡಲ್ಲ," ಎಂದರು ಮೆಕ್ಯಾನಿಕ್. "ಬಾ. ಆದ್ರೆ ಕೈಯಲ್ಲಿ ಎಳೀಬೇಡ. ಕೈ ಬರೀ ಕೊಕ್ಕೆ. ಎತ್ತೋದು ಕಾಲು."

ಬೈಕಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂರಬೇಕು. ಸೊಂಟವನ್ನು ಸೀಟಿನ ಅಂಚಿಗೆ ಒತ್ತಬೇಕು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ. ಆಮೇಲೆ ಸಣ್ಣ ಹೆಜ್ಜೆ ಇಡುತ್ತ ಹಿಂದಕ್ಕೆ ತಳ್ಳುತ್ತ ಏಳಬೇಕು. ಮನೆಯಲ್ಲಿ ಪ್ರತಿ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ಕೂತು ಏಳುವುದನ್ನು ಶುರುಮಾಡಿದೆ. ಗಂಡ ಕಾಫಿ ಲೋಟ ಹಿಡಿದು ಎಣಿಸುತ್ತಿದ್ದರು. "ಹದಿನೇಳು ಆಯ್ತು. ಇಪ್ಪತ್ತಕ್ಕೆ ಮೂರಿದೆ, ಮೋಸ ಮಾಡ್ಬೇಡ."

ಎರಡನೇ ಭಾನುವಾರ ಹಳೆಯ ಬೈಕು ಎದ್ದು ನಿಂತಿತು. ಮೂರನೇ ಭಾನುವಾರ ದೊಡ್ಡದು ಒಂದು ಗೇಣು ಎದ್ದಿತು. "ನಿಲ್ಸು!" ಎಂದು ಮೆಕ್ಯಾನಿಕ್ ಕೂಗಿದರು. ತೊಡೆ ನಡುಗುತ್ತಿತ್ತು, ನಿಲ್ಲಿಸಿದೆ. ಅವರು ಬಗ್ಗಿ ನನ್ನ ಪಾದಗಳನ್ನು ನೋಡಿದರು, ಬೈಕನ್ನಲ್ಲ. "ಸಾಕು, ಇಳ್ಸು. ಪಾದ ಜಾರ್ತಾ ಅದೆ. ಶೂ ಬದಲಾಯ್ಸು."

ನಾಲ್ಕನೇ ಭಾನುವಾರ ಬೈಕನ್ನು ಬಲಕ್ಕೆ ಮಲಗಿಸಿದರು. ಬಲಕ್ಕೆ ಬಿದ್ದರೆ ಎಡಗಡೆಯ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಬಹುದು. ಎದ್ದ ಗಾಡಿ ಅದರ ಮೇಲೆ ತಾನೇ ನಿಲ್ಲುತ್ತದೆ. ಸ್ಟ್ಯಾಂಡು ಬಿಡಿಸಿ, ಚಕ್ರ ಉರುಳದಂತೆ ಗೇರಿಗೆ ಹಾಕಿ, ಬೆನ್ನು ಕೊಟ್ಟು ಕೂತೆ. ಒಂದು ಗೇಣು. ನಿಲ್ಲಿಸಿದೆ. ಪಾದ ಗಟ್ಟಿಯಾಗಿತ್ತು. ಮುಂದಿನ ಆರೇಳು ಹೆಜ್ಜೆಗಳಲ್ಲಿ ಭಾರ ಬೆನ್ನಿನಿಂದ ಕಳಚಿತು. ಬೈಕು ಸ್ಟ್ಯಾಂಡಿನ ಮೇಲೆ ನಿಂತಿತು. ಗಂಡ ಎರಡೂ ಕೈ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ಗೋಡೆಗೆ ಅಂಟಿಕೊಂಡಿದ್ದರು.

"ಆಯ್ತಲ್ಲ ಮಾರಾಯ್ತಿ," ಎಂದರು. "ನಂದೇ ಬೆನ್ನು ನೋಯ್ತಿದೆ."

ಮೆಕ್ಯಾನಿಕ್ ಕಾಗದಪತ್ರ ತರಲು ಒಳಗೆ ಹೊರಟರು. ನಾನು ತಡೆದೆ. ಎಡಕ್ಕೆ ಬಿದ್ದರೆ ಸ್ಟ್ಯಾಂಡು ಅಡಿಯಲ್ಲಿ ಸಿಕ್ಕಿರುತ್ತದೆ. ಎತ್ತಿ, ಹಿಡಿದುಕೊಂಡು, ಹಿಮ್ಮಡಿಯಲ್ಲಿ ಅದನ್ನು ಬಿಡಿಸಬೇಕು. ಗಾಡಿ ಯಾವ ಕಡೆ ಬೀಳುತ್ತದೆ ಎಂದು ಮೊದಲೇ ತಿಳಿಸುವುದಿಲ್ಲ.

"ಗಾಡಿ ನಂದೇ. ಅದು ತೀರ್ಮಾನ ಆಯ್ತು," ಎಂದೆ. "ಕಾಗದ ಆಮೇಲೆ ತನ್ನಿ. ಈಗ ಎಡಕ್ಕೆ ಮಲಗಿಸಿ."