ಇಡೀ ಕೋಡುಬಳೆ

ಇವತ್ತು ಸಂಜೆ ಕಾಫಿಯ ಜೊತೆ ನನ್ನ ತಟ್ಟೆಗೆ ಒಂದು ಇಡೀ ಕೋಡುಬಳೆ ಬಂದಿತು. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನನಗೆ ಮಾತ್ರ ಎದೆ ಧಸಕ್ಕೆಂದಿತು. ನಾಲ್ಕು ವರ್ಷದಿಂದ ನನ್ನ ಪಾಲಿನ ಕೋಡುಬಳೆಯನ್ನು ಅತ್ತೆ ಚೂರು ಮಾಡಿಯೇ ಕೊಡುತ್ತಿದ್ದರು.

ಅದಕ್ಕೆ ಮೊದಲು ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಜಗಳವಲ್ಲ, ಮರ್ಯಾದೆ. ಅಳಿಯನ ಎದುರು ನಿಂತು ಮಾತಾಡಬಾರದೆಂಬುದು ಅವರ ಕಾಲದ ಪದ್ಧತಿ. ಮಾವ ತೀರಿಕೊಂಡ ಮೇಲೆ ಕಗ್ಗದಾಸಪುರದ ನಮ್ಮ ಪುಟ್ಟ ಮನೆಗೆ ಬಂದಾಗಲೂ ಅದನ್ನು ಬಿಡಲಿಲ್ಲ. "ಅಳಿಯಂದ್ರಿಗೆ ಕಾಫಿ ಬೇಕಾ ಕೇಳು" ಎಂದು ಮಗಳಿಗೆ ಹೇಳುವರು. ಮಗಳಿಲ್ಲದಿದ್ದರೆ ಫ್ರಿಜ್ಜಿಗೆ ಹೇಳುವರು. ನಾನೂ ಫ್ರಿಜ್ಜಿಗೇ ಉತ್ತರಿಸುತ್ತಿದ್ದೆ. ಅವರು ನೆಂಟರ ಹಾಗೆ ಮುದುಡಿಕೊಂಡಿರುವುದು ನೋಡಿ ಬೇಸರವಾಗುತ್ತಿತ್ತು, ಸರಿಪಡಿಸುವುದು ಹೇಗೆಂದು ಗೊತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಹೆಂಡತಿ ಊರಿನಲ್ಲಿರಲಿಲ್ಲ. ಗೆಳೆಯರ ಜೊತೆ ಕ್ರಿಕೆಟ್ ಆಡಲು ಹೋಗಿ, ನಲವತ್ತೆರಡನೇ ವಯಸ್ಸಿನಲ್ಲಿ, ಕೈಯಲ್ಲಿ ಹಿಡಿಯಬೇಕಾದ ಕ್ಯಾಚನ್ನು ಬಾಯಲ್ಲಿ ಹಿಡಿದೆ. ಮುಂದಿನ ಹಲ್ಲಿನ ಒಂದು ಚೂರು ಮುರಿದು ನೆಲಕ್ಕೆ ಬಿತ್ತು. ಹಲಸೂರಿನ ದಂತವೈದ್ಯೆಗೆ ಫೋನ್ ಮಾಡಿದೆ.

"ಚೂರು ಸಿಕ್ತಲ್ಲಾ? ಹಾಲಲ್ಲಿ ಹಾಕಿಟ್ಟು ಆರು ಗಂಟೆಗೆ ತಗೊಂಬನ್ನಿ. ಅದನ್ನೇ ಅಂಟಿಸ್ಬಹುದು" ಎಂದರು.

ಅಡುಗೆಮನೆಯಲ್ಲಿ ಒಂದು ಲೋಟಕ್ಕೆ ಹಾಲು ಸುರಿದು, ಚೂರನ್ನು ಅದರಲ್ಲಿ ಹಾಕಿ, ತುಟಿಗೆ ಐಸ್ ಒತ್ತಿಕೊಂಡು ಮಲಗಿದೆ. ಏಳುವಷ್ಟರಲ್ಲಿ ಲೋಟ ತೊಳೆದು ಬೋರಲು ಹಾಕಿತ್ತು.

"ಇಲ್ಲಿದ್ದ ಹಾಲು?" ಎಂದು ಫ್ರಿಜ್ಜನ್ನು ಕೇಳಿದೆ.

"ಉಳಿದ ಹಾಲಿಗೆ ಸೇರ್ಸಿ ಹೆಪ್ಪು ಹಾಕಾಯ್ತು ಅಂತ ಹೇಳು" ಎಂದು ಬಾಗಿಲ ಮರೆಯಿಂದ ಉತ್ತರ ಬಂತು.

"ಅದ್ರಲ್ಲಿ ನನ್ನ ಹಲ್ಲಿತ್ತು."

ಅತ್ತೆ ಹೊರಗೆ ಬಂದರು. ನನ್ನ ಊದಿದ ಬಾಯನ್ನು ನೇರವಾಗಿ ನೋಡಿ, "ಅಯ್ಯೋ, ಎಂಥಾ ಕೆಲಸ ಮಾಡ್ಬಿಟ್ಟೆ" ಎಂದು ಸೆರಗು ಸಿಕ್ಕಿಸಿದರು. ಅವರು ಟೀ ಸೋಸುವ ಜಾಲರಿ ಹಿಡಿದರು, ನಾನು ಪಾತ್ರೆ ಬಗ್ಗಿಸಿದೆ. ಹಾಲೆಲ್ಲ ಸೋಸಿದರೂ ಹಲ್ಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಕೊನೆಗೆ ಪಾತ್ರೆಯ ತಳದಲ್ಲಿ ಬೆರಳಾಡಿಸಿದಾಗ, ಕೆನೆಯ ಕೆಳಗೆ ಅಂಟಿಕೊಂಡಿದ್ದ ಚೂರು ಸಿಕ್ಕಿತು.

ಆಟೋದಲ್ಲಿ ಅತ್ತೆ ಚೂರು ಹಾಕಿದ್ದ ಹಾಲಿನ ಬಟ್ಟಲನ್ನು ಮಡಿಲಲ್ಲಿಟ್ಟು ಅಂಗೈಯಿಂದ ಮುಚ್ಚಿಕೊಂಡು ಕೂತರು. ಹಂಪ್ ಬಂದಾಗಲೆಲ್ಲ, "ನಿಧಾನಪ್ಪಾ, ಹಲ್ಲಿದೆ" ಎನ್ನುವರು. "ನಂಗೂ ಇದೆ ಅಮ್ಮಾ" ಎಂದ ಆಟೋದವನು.

ವೈದ್ಯೆ ಎಕ್ಸ್‌ರೇ ತೆಗೆದು, ನರಕ್ಕೆ ಪೆಟ್ಟಾಗಿಲ್ಲ ಎಂದರು. ಹೆಪ್ಪಿನ ಕಥೆ ಕೇಳಿ ಮಾಸ್ಕಿನೊಳಗೇ ನಕ್ಕರು. ಚೂರನ್ನು ತೊಳೆದು, ಅಂಟು ಹಚ್ಚಿ ಕೂರಿಸಿ, ನೀಲಿ ಬೆಳಕು ಹಿಡಿದರು. "ಆರು ತಿಂಗಳು ಇದ್ರಲ್ಲಿ ಗಟ್ಟಿ ತಿಂಡಿ ಕಚ್ಚೋ ಹಾಗಿಲ್ಲ" ಎಂದು ಹೇಳಿದ್ದು ನನಗಲ್ಲ, ಅತ್ತೆಗೆ.

ಅತ್ತೆ ಕುರ್ಚಿಯ ಹತ್ತಿರ ಬಂದರು. "ಎಲ್ಲಿ, ಸ್ವಲ್ಪ ನಗಿ, ನೋಡೋಣ."

ನಡುವೆ ಮಗಳಿರಲಿಲ್ಲ, ಫ್ರಿಜ್ಜೂ ಇರಲಿಲ್ಲ. ಊದಿದ ತುಟಿಯಲ್ಲೇ ಓರೆಯಾಗಿ ನಕ್ಕೆ. ಅವರೂ ನಕ್ಕರು. ನನಗೆ ಹಲ್ಲು ಸಿಕ್ಕಿದ್ದಕ್ಕಿಂತ ಅದಕ್ಕೇ ಹೆಚ್ಚು ಸಂತೋಷವಾಯಿತು.

ಅಂದಿನಿಂದ ಸಂಜೆ ಎದುರಿಗೆ ಕೂತು ಕೋಡುಬಳೆ ಮುರಿದು ಕೊಡುವರು. ಮುರಿಯುವುದು ಎರಡು ನಿಮಿಷ, ಮಾತು ಒಂದು ಗಂಟೆ. ಮಾವನಿಗೆ ಈಜು ಬರುತ್ತಿರಲಿಲ್ಲ ಎಂಬುದರಿಂದ ಹಿಡಿದು ಪಕ್ಕದ ಮನೆಯವರ ಬೋರ್‌ವೆಲ್‌ವರೆಗೆ.

ನಿನ್ನೆ ಹೆಂಡತಿ, "ಅಮ್ಮಾ, ಡಾಕ್ಟ್ರು ಹೇಳಿದ್ದು ಆರು ತಿಂಗ್ಳು. ನಾಲ್ಕು ವರ್ಷ ಆಯ್ತಲ್ಲ, ಇನ್ನೂ ಯಾಕೆ ಮುರಿತೀಯ?" ಎಂದು ಅವರನ್ನು ಕೇಳಿದ್ದಳು. ಇವತ್ತು ಇಡೀ ಕೋಡುಬಳೆ ಇಟ್ಟು ಅತ್ತೆ ಒಳಗೆ ಹೋಗಿದ್ದರು.

ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿದೆ. ಕಲ್ಲಿನಂತಿತ್ತು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

"ಅತ್ತೆ, ಇದು ನನ್ನ ಕೈಲಾಗಲ್ಲ."

ಅವರು ಕೋಡುಬಳೆಯನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಸ್ಟೂಲನ್ನು ನನ್ನ ಕಡೆ ಸರಿಸಿ, "ಕೂತ್ಕೊಳ್ಳಿ" ಎಂದರು.